ತಿರುಗಬಾರದು

ನಮ್ಮೂರಲ್ಲೊಂದು ಮಾತಿದೆ: ತೆಂದೆಂಕೊ.
ಅಂದರೆ, ಅವರವರ ಕಾಲು ಅವರವರಿಗೆ.
ಹೊರಗಿನವರು ಕೇಳಿ ಹುಬ್ಬು ಗಂಟಿಕ್ಕುತ್ತಾರೆ,
ಎಂಥ ಕಲ್ಲೆದೆಯ ಜನ!
ನೆಲ ನಡುಗಿದರೆ ತಾಯಿ ಮಗುವನ್ನು ಹುಡುಕಬಾರದು,
ಮಗು ತಾಯಿಯನ್ನು.
ಕಡಲು ಏಳುವ ಮೊದಲು
ಒಬ್ಬೊಬ್ಬರೂ ಗುಡ್ಡಕ್ಕೆ. ಅಷ್ಟೆ.

ಅಜ್ಜಿ ಫುಸಾಎ ಇದನ್ನು ಕಲಿಸಿದ್ದು
ಕಡಲಪಾಚಿ ಒಣಹಾಕುವ ಅಂಗಳದಲ್ಲಿ.
ಬೇಲಿಯ ತನಕ ನನ್ನನ್ನು ಓಡಲು ಬಿಟ್ಟು
ಹಿಂದಿನಿಂದ ಕೂಗುವಳು: ಚಿಗುಸಾ, ಬಿದ್ದೆ ಕಣೇ!
ತಿರುಗಿದರೆ ತಲೆಗೊಂದು ಮೊಟಕು.
ಮತ್ತೆ ಓಟ, ಮತ್ತೆ ಕೂಗು.
ತಿರುಗದೆ ನಾನು ಬೇಲಿ ಮುಟ್ಟಿದ ದಿನ
ಒಣಗಿಸಿದ ಪರ್ಸಿಮನ್ ಹಣ್ಣು ಕೊಟ್ಟಳು,
ಕೊಡುವಾಗ ಮುಖ ಆಚೆ ಮಾಡಿದ್ದಳು.

ಅದೇ ಊರು ಇನ್ನೊಂದನ್ನೂ ಕಲಿಸುತ್ತದೆ,
ಯಾರೂ ಬಾಯಿಬಿಟ್ಟು ಹೇಳುವುದಿಲ್ಲ:
ಗೂಡಿನಲ್ಲಿ ಹಿರಿಯರ ಹೆಸರು ಕೆತ್ತಿದ ಕರಿಮರದ ಫಲಕ,
ಬೆಳಗಿನ ಮೊದಲ ಅನ್ನ ಅದಕ್ಕೆ.
ಆಮೇಲೆ ನಮಗೆ.

ಆ ಮಧ್ಯಾಹ್ನ ಶಾಲೆಯಿಂದಲೇ ಓಡಿದೆ.
ತಿರುಗಲಿಲ್ಲ.
ಫುಸಾಎ ಅರ್ಧ ಮೆಟ್ಟಿಲು ಹತ್ತಿದ್ದಳಂತೆ,
ಟೋಫು ಮಾರುವ ತೊಕುಜಿ ಕಂಡಿದ್ದಾನೆ.
ನಿಂತಳಂತೆ. ಎದೆ ಮುಟ್ಟಿಕೊಂಡು
'ಅಯ್ಯೋ, ಯಜಮಾನರು ಒಳಗೇ ಉಳಿದರು' ಅಂದಳಂತೆ.
ಸತ್ತು ಇಪ್ಪತ್ತೆರಡು ವರ್ಷವಾಗಿದ್ದ ಯಜಮಾನರು.
ಇಳಿದು ಹೋದಳು.

ನಾಲ್ಕನೆಯ ದಿನ ಸಿಕ್ಕಳು,
ಹೊಟ್ಟೆಗೆ ಸೊಂಟಪಟ್ಟಿಯಲ್ಲಿ ಬಿಗಿದ ಫಲಕದ ಸಮೇತ.
ಗಂಟು ಬಿಚ್ಚಲಾಗದೆ
ಕತ್ತರಿ ತರಿಸಬೇಕಾಯಿತು.

ಸಿಟ್ಟಿದೆ, ಇವತ್ತಿಗೂ.
ಯಾರ ಮೇಲೆ ಎಂದು ಕೇಳಬೇಡಿ.

ಈಗ ನಮ್ಮನೆಯ ಗೂಡು ಖಾಲಿ.
ಫಲಕಗಳನ್ನೆಲ್ಲ ಗುಡ್ಡದ ಗುಡಿಗೆ ಒಯ್ದಿಟ್ಟೆ,
ಅಜ್ಜಿಯದನ್ನೂ.
ನೆರೆಯವರು ಆಡಿಕೊಳ್ಳುತ್ತಾರೆ,
ಹಿರಿಯರನ್ನೇ ಹೊರಗೆ ಹಾಕಿದ ಹೆಂಗಸು.
ಹಾಕಲಿಲ್ಲ, ಮೊದಲು ಹತ್ತಿಸಿದೆ.
ಅನ್ನ ಇಡಲು ದಿನಾ ನೂರಾ ಹನ್ನೆರಡು ಮೆಟ್ಟಿಲು.
ಮಂಡಿ ಗೊಣಗುತ್ತದೆ,
ದಾರಿ ಮಾತ್ರ ಪಾದಕ್ಕೆ ಬಾಯಿಪಾಠ.

ಮಗನಿಗೂ ಅಂಗಳದಲ್ಲೇ ಕಲಿಸಿದ್ದೇನೆ,
ಹಿಂದಿನಿಂದ ಕೂಗಿ ಕೂಗಿ.

ನಿನ್ನೆ ರಾತ್ರಿ ಸಣ್ಣಗೆ ನಡುಗಿತು.
ಕಪಾಟಿನ ಲೋಟಗಳು ಗುನುಗಿದವು.
ಹೊರಗೆ ಓಡಿ ಬಂದರೆ ಗೇಟಿನ ಹತ್ತಿರ ಇತ್ಸುಕಿ,
ಆರು ವರ್ಷದವನು, ಬರಿಗಾಲಲ್ಲಿ,
ಹೋಗದೆ ನಿಂತಿದ್ದಾನೆ.

ಮೊಟಕಲು ಎತ್ತಿದ ನನ್ನ ಕೈಗೆ
ನನ್ನ ಚಪ್ಪಲಿ ಕೊಟ್ಟ.