ಎರಡೂವರೆ ಸಾವಿರ

ಉಪ್ಪಳದ ಗಾಳದಂಗಡಿಯ ಸವಾದ್ ಕೇಳಿದ:
‘ಐತಪ್ಪಣ್ಣ, ರೀಲು ಯಾವ ನಂಬರಿನದ್ದು ಬೇಕು?’
ನಂಬರಿನ ಸುದ್ದಿ ನನಗೆ ಹೇಳಬೇಡ ಮಾರಾಯ,
ಬಂದ್ಯೋಡಿನಲ್ಲಿ ಮೂವತ್ತೊಂದು ವರ್ಷದಿಂದ ಅಂಗಿ ಹೊಲಿಯುತ್ತಿದ್ದೇನೆ.
ಒಂದು ಕಂಪೆನಿಯ ಮೂವತ್ತೆಂಟು
ಇನ್ನೊಂದರ ನಲವತ್ತು.
ಕಾಲರಿನ ಚೀಟಿ ನಂಬಿ ಬಟ್ಟೆ ಕತ್ತರಿಸಿದವ
ಮದುವೆಯ ದಿನ ಮದುಮಗನಿಂದ ಬೈಸಿಕೊಂಡಾನು.

ಅವ ನಕ್ಕ. ರೀಲಿನದ್ದೂ ಅದೇ ಕತೆ ಎಂದ,
ಇವರ ಎರಡೂವರೆ ಸಾವಿರ ಅವರ ಮೂರು ಸಾವಿರ.
ಪೆಟ್ಟಿಗೆಯ ಮೇಲೆ ಜಪಾನಿನ ಅಕ್ಷರ,
ಬೋರ್ಡು ಮಲಯಾಳದ್ದು,
ನಾವು ಚೌಕಾಸಿ ಮಾಡಿದ್ದು ತುಳುವಿನಲ್ಲಿ.
ಲೆಕ್ಕ ಮಾತ್ರ ನಾನು ಕನ್ನಡದಲ್ಲೇ ಹಾಕಿದೆ,
ಮಗ್ಗಿ ಬೇರೆ ಭಾಷೆಯಲ್ಲಿ ಬರುವುದಿಲ್ಲ.

ಹಳೆಯದು ಆರು ಸಾವಿರದ್ದು.
ಭಾವ ದಮ್ಮಾಮಿನಿಂದ ತಂದದ್ದು. ಕಡಲಿಗಾದರೆ ಸರಿ,
ಬಂಡೆಯ ಮೇಲೆ ನಿಂತು ಅಂಜಲ್ ಹಿಡಿಯುವವರ ಸೊತ್ತು.
ನಾನದನ್ನು ಕುಂಬಳೆ ಹೊಳೆಯ ರೈಲು ಸೇತುವೆಯಡಿ
ಬೆರಳುದ್ದದ ರಬ್ಬರು ಸಿಗಡಿ ಕಟ್ಟಿ ಎರಡು ವರ್ಷ ಎಸೆದೆ,
ಭತ್ತದ ಕಳಸೆಯಲ್ಲಿ ಸಾಸಿವೆ ಅಳೆದ ಹಾಗೆ.
ಹೊಳೆಯಲ್ಲಿ ಮೀನಿಲ್ಲ ಎಂದು ಊರಿಡೀ ಹೇಳಿದೆ.
ಮುಟ್ಟಿ ಹೋದದ್ದು ಗೊತ್ತಾಗಿರಲಿಲ್ಲ, ಅಷ್ಟೆ.

ಸವಾದ್ ಮೊದಲು ಸಾವಿರದ್ದನ್ನು ಕೊಟ್ಟ.
ಅಂಗೈಯಲ್ಲಿ ಗುಬ್ಬಿಮರಿ. ಆಸೆಯಾಯಿತು, ಸುಳ್ಳು ಹೇಳುವುದಿಲ್ಲ.
ಆದರೆ ಉರುಳೆ ಸಣ್ಣದಾದಷ್ಟೂ
ನೈಲಾನ್ ದಾರಕ್ಕೆ ನೆನಪು ಹೆಚ್ಚು:
ಸುತ್ತಿಕೊಂಡ ಸುರುಳಿಯನ್ನು ನೀರಿನ ಮೇಲೂ ಮರೆಯುವುದಿಲ್ಲ,
ಜಿಲೇಬಿಯಾಗಿ ಕೂತು, ಗಾಳಿಗೆ ಗಂಟಾಗಿ,
ಅರ್ಧ ದಿನ ಹಲ್ಲಿನಲ್ಲಿ ಬಿಡಿಸುವುದೇ ಕೆಲಸ.
ನಾಲ್ಕು ಸಾವಿರದ್ದರಿಂದ ದಾರ ಸಲೀಸು ಹೊರಟೀತು;
ಈ ಬಳುಕುವ ಕೋಲಿಗೆ ಸಿಕ್ಕಿಸಿದರೆ
ತೊಂಡೆಬಳ್ಳಿಗೆ ಕುಂಬಳಕಾಯಿ.

ಮತ್ತೆ ಇದು. ಇನ್ನೂರ ಹತ್ತು ಗ್ರಾಂ.
ಏಳಡಿಯ ಕೋಲಿಗೆ ಕೂರಿಸಿ
ರೀಲಿನ ಕಾಲು ಬೆರಳ ಸಂದಿಗೆ ಬರುವಂತೆ ಹಿಡಿದೆ.
ತುದಿ ಕೆಳಗೆ ಬಾಗಲಿಲ್ಲ, ಮೇಲಕ್ಕೂ ಹಾರಲಿಲ್ಲ,
ನನ್ನ ಕತ್ತರಿ ನನ್ನ ಕೈಗೆ ಕೂರುವ ಹಾಗೆ ಕೂತಿತು.
ಉರುಳೆ ಅಗಲ, ಆಳ ಕಡಿಮೆ:
ಕೂದಲಿನಂಥ ಹೆಣೆದ ನೂಲು ನೂರೈವತ್ತು ಮೀಟರು ತುಂಬಿ
ಅಂಚಿಗೆ ಒಂದು ಗೆರೆ ಬಿಟ್ಟು ನಿಂತಿತು.

ಬ್ರೇಕು ಬಿಗಿಯುವುದನ್ನು ಯಾರೂ ಕಲಿಸಬೇಕಾಗಲಿಲ್ಲ.
ಬಾಬಿನ್ ಕೇಸನ್ನು ಅದರದೇ ನೂಲಲ್ಲಿ ತೂಗಬಿಟ್ಟು
ಕೈಯನ್ನೊಮ್ಮೆ ಕುಲುಕಿದರೆ
ಎರಡಿಂಚು ಜಾರಬೇಕು, ನಿಲ್ಲಬೇಕು.
ಜಾರದಿದ್ದರೆ ಬಟ್ಟೆ ಸುಕ್ಕು,
ನಿಲ್ಲದಿದ್ದರೆ ಹೊಲಿಗೆ ಹೊಲಿಗೆಯೇ ಅಲ್ಲ.
ಸವಾದ್ ತೂಕದ ಕೊಕ್ಕೆ ಹುಡುಕಿ ತರುವಷ್ಟರಲ್ಲಿ
ಕಿವಿಯಿಂದಲೇ ತಿರುಗಿಸಿ ಇಟ್ಟಿದ್ದೆ.
ಅಳೆದು ನೋಡಿದ. ಏನೂ ಹೇಳಲಿಲ್ಲ.
ನೂರು ರೂಪಾಯಿ ಕಡಿಮೆ ಮಾಡಿದ.

ಭಾನುವಾರ, ಇಳಿತದ ಹೊತ್ತು.
ಕಾಂಡ್ಲಾ ಬೇರಿನ ಪಕ್ಕಕ್ಕೆ ಎಸೆದೆ.
ಮೂರು ಗ್ರಾಂ ಸೀಸ ಇಳಿದು, ಇಳಿದು, ನಿಂತದ್ದು ಗೊತ್ತಾಯಿತು.
ಈ ಹೊಳೆಗೆ ತಳ ಉಂಟು!
ಇದು ಕೆಸರು. ಇದು ಮರುವಾಯಿಯ ಚಿಪ್ಪು.
ಇದು ಯಾರೋ ಬಿಸಾಡಿದ ಹಂಚಿನ ತುಂಡಿರಬೇಕು.
ಎಳೆದೆ, ನಿಲ್ಲಿಸಿದೆ.
ಆಗ ಟಿಕ್.
ಸೂಜಿಮೊನೆ ಸವೆದಿದ್ದರೆ ರೇಷ್ಮೆಯ ಎಳೆ ಹಿಡಿಯುತ್ತದಲ್ಲ,
ಅಷ್ಟು. ಅದಕ್ಕಿಂತ ಚೂರೂ ಹೆಚ್ಚಲ್ಲ.
ಇಂಥ ಎಷ್ಟು ಟಿಕ್ಕುಗಳನ್ನು
ಆ ಆರು ಸಾವಿರದ್ದು ನುಂಗಿ ಕೂತಿತ್ತೋ.

ಕಾಳಾಂಜಿ. ಒಂದೂವರೆ ಕಿಲೋ ಇದ್ದೀತು.
ಅರ್ಧ ಮೈ ಮೇಲೆತ್ತಿ ತಲೆ ಕೊಡವಿತು,
ಬೇರಿನ ಕಡೆಗೆ ಎಳೆಯಿತು,
ಉರುಳೆ ಜಾರಿತು, ನಿಂತಿತು, ಜಾರಿತು,
ನೂಲು ಹರಿಯಲಿಲ್ಲ.
ಕಾಲಬುಡಕ್ಕೆ ತಂದ ಮೇಲೆ ನೆನಪಾಯಿತು,
ಎತ್ತಲು ಬಲೆ ಇಲ್ಲ.
ಎರಡು ವರ್ಷದಿಂದ ಬೇಕಾಗಿರಲಿಲ್ಲವಲ್ಲ.
ಒಂದು ಕೈಯಲ್ಲಿ ಕೋಲು,
ಇನ್ನೊಂದರಲ್ಲಿ ಮುಂಡು ಬಿಚ್ಚಿ
ಸೊಂಟದವರೆಗೆ ಹೊಳೆಗಿಳಿದೆ.

ಮಂಗಳೂರಿನ ಪ್ಯಾಸೆಂಜರ್ ಗಾಡಿ
ಆಗಲೇ ಬರಬೇಕೇ,
ಅಷ್ಟು ನಿಧಾನಕ್ಕೆ.