ನಾಲ್ಕನೆಯ ಪೆಟ್ಟು

ದೇಚಮ್ಮ ಮೇಡಂ ಕೈಬರಹ ನನಗೊಬ್ಬನಿಗೇ ಓದಲು ಬರುತ್ತಿತ್ತು.
ವಿರಾಜಪೇಟೆಯ ಇಗರ್ಜಿಯಲ್ಲಿ ಭಾನುವಾರ ಆರ್ಗನ್ ಒತ್ತುವವನು,
ಉಳಿದ ದಿನ ಅವರ ಸ್ವರಗಳಿಗೆ ಶಾಯಿ ತುಂಬುವವನು.
ಮೈಸೂರು ಬಸ್ಸಿನ ಡ್ರೈವರ್ ಕೈಲಿ ಕಟ್ಟು ಬರುತ್ತಿತ್ತು.
ಪುಟಕ್ಕೆ ಹನ್ನೆರಡು ರೂಪಾಯಿ. ತಪ್ಪಿದರೆ
ಬ್ಲೇಡಿನಿಂದ ಕೆರೆಯಬೇಕು, ಕಾಗದ ಹರಿಯದಂತೆ.

ಮೂವತ್ತು ವರ್ಷ ಅಲ್ಲಿ ಪಾಠ ಹೇಳಿದರು.
ಬರೆದದ್ದು ಮೂರು ಕ್ವಾರ್ಟೆಟ್, ಕೊಳಲಿಗೊಂದು ತುಣುಕು,
ಸ್ವರಾಂತರಗಳ ಮೇಲೊಂದು ದಪ್ಪ ಪುಸ್ತಕ.
ಪೂರ್ತಿ ಓದಿದವರು ಇಬ್ಬರು. ಒಬ್ಬ
ಅಚ್ಚು ತಿದ್ದಿದವ.

ಬೇರೆ ಹುಚ್ಚುಗಳೂ ಇದ್ದವು.
ರೈಲೇ ಇಲ್ಲದ ಜಿಲ್ಲೆಗೆ ರಜೆಯಲ್ಲಿ ಬಂದು
ರೈಲ್ವೆ ವೇಳಾಪಟ್ಟಿ ಓದುತ್ತ ಕೂರುತ್ತಿದ್ದರು, ಕಾದಂಬರಿಯ ಹಾಗೆ:
"ನೋಡು ಲಾರೆನ್ಸ್, ಅರಸೀಕೆರೆಯಲ್ಲಿ ಇವೆರಡೂ
ಹನ್ನೊಂದು ನಿಮಿಷ ಜೊತೆಗೆ ನಿಲ್ಲುತ್ತವೆ.
ಫ್ಯೂಗ್ ಅಂದರೆ ಇದೇ ಕಣೋ."
ಕಾಫಿ ಕ್ಯೂರಿಂಗ್ ಶೆಡ್ಡಿನ ಬಾಗಿಲಲ್ಲಿ ನಿಂತು
ಬೀಜ ಆರಿಸುವ ನಲವತ್ತು ಕೈಗಳ ಲಯ ಎಣಿಸಿ
ಮೇಸ್ತ್ರಿಯಿಂದ ಬೈಸಿಕೊಂಡದ್ದೂ ಉಂಟು.

ಆದರೆ ಅವರ ನಿಜವಾದ ಕೆಲಸ ಒಂದೇ ಒಂದು ಪೆಟ್ಟು.
ಮೇದರ ಪೊನ್ನನ ಪರೆಯಲ್ಲಿ
ನಾಲ್ಕನೆಯದು ಒಂಚೂರು ತಡವಾಗಿ ಬೀಳುತ್ತದೆ.
ತಡವೆಂದರೆ ತಡವೂ ಅಲ್ಲ,
ಹೊಸ್ತಿಲಲ್ಲಿ ಚಪ್ಪಲಿ ಕಳಚುವಷ್ಟು.
ಇಪ್ಪತ್ತೆರಡು ವರ್ಷ ಅಳೆದರು ಅದನ್ನು,
ಟೇಪು ಕತ್ತರಿಸಿ, ಅಡಿಕೋಲಿಟ್ಟು.
ಏಳಕ್ಕೆ ಐದು ಅಂದರು, ಮತ್ತೆ ಹದಿಮೂರಕ್ಕೆ ಒಂಬತ್ತು.
ಮದ್ರಾಸಿನ ಸಭೆಯಲ್ಲಿ ನಕ್ಷೆ ಬಿಡಿಸಿ ತೋರಿಸಿ
ಚಪ್ಪಾಳೆಯನ್ನೂ ಪಡೆದರು, ಮಿತವಾಗಿ.

ಆಮೇಲೆ, ಕೈಲ್ ಮುಹೂರ್ತದ ಮಾರನೆಯ ದಿನ,
ಪೊನ್ನನನ್ನೇ ಕೇಳಿದರು.
ಅಷ್ಟು ವರ್ಷ ಯಾಕೆ ಕೇಳಿರಲಿಲ್ಲವೋ.
ಅವನು ಬಿದಿರು ಸೀಳುತ್ತಲೇ ಅಂದ:
"ಪಟ್ಟಿ ಜಾರ್ತದೆ ಅಮ್ಮ, ಹೆಗಲಿಂದ.
ಮೂರು ಹೊಡ್ದ ಮೇಲೆ ಎಳ್ಕೋಬೇಕಲ್ಲ."

ಜೀಪಿನಲ್ಲಿ ಬರುವಾಗ ಮಾತಿಲ್ಲ.
ಕೆರೆಯ ತಿರುವಿನಲ್ಲಿ ಗಾಡಿ ನಿಲ್ಲಿಸಿದರು.
ಸ್ಟೀರಿಂಗಿಗೆ ಹಣೆಯಿಟ್ಟು ನಕ್ಕರು ನಕ್ಕರು,
ಹಿಂದಿನ ಲಾರಿಯವ ಹಾರ್ನ್ ಹೊಡೆದು ಹೊಡೆದು
ಸುಸ್ತಾಗಿ ಪಕ್ಕದಿಂದ ಹೋದ.

ಆ ತಿಂಗಳೇ ಬಂತು ನಾಲ್ಕನೆಯ ಕ್ವಾರ್ಟೆಟ್.
ಚೆಲ್ಲೋ ಸಾಲಿನಲ್ಲಿ ಪ್ರತಿ ಮೂರನೆಯ ಸ್ವರದ ಪಕ್ಕ
ಪೆನ್ಸಿಲಿನಲ್ಲಿ ಒಂದು ಮಾತು: ಹೆಗಲು.
"ಇದಕ್ಕೆ ಯಾವ ಚಿಹ್ನೆ ಹಾಕಲಿ ಮೇಡಂ?"
"ಜಾಗ ಬಿಡು, ಸಾಕು."
ಎಷ್ಟು ಅಂತ ಹೇಳಲಿಲ್ಲ.
ನನ್ನ ಹೆಬ್ಬೆರಳಿನ ಉಗುರಿನಷ್ಟು ಬಿಟ್ಟೆ.

ಅದನ್ನು ಇನ್ನೂ ಯಾರೂ ನುಡಿಸಿಲ್ಲ.
ಪೊನ್ನ ತೀರಿಕೊಂಡ. ಮೇಡಂಗೆ ಎಡಗಿವಿ ಕೇಳುವುದಿಲ್ಲ,
ಮದುವೆಮನೆಯಲ್ಲಿ ಬಲಕ್ಕೇ ಕುರ್ಚಿ ಹಾಕಿಸಿಕೊಳ್ಳುತ್ತಾರೆ.
ಮೊನ್ನೆ ಗೋಣಿಕೊಪ್ಪದಲ್ಲಿ ಹಾಗೆ ಕೂತಾಗ
ಪರೆ ಹೊತ್ತು ಬಂದವನು ಪೊನ್ನನ ಮಗ.
ಹೊಸ ನೈಲಾನ್ ಪಟ್ಟಿ, ಉಕ್ಕಿನ ಕೊಂಡಿ,
ಯಾವುದೋ ಸ್ಕೂಲ್ ಬ್ಯಾಗಿನದಿರಬೇಕು.
ಜಾರುವ ಮಾತೇ ಇಲ್ಲ.

ಒಂದು. ಎರಡು. ಮೂರು.
ಮೇಡಂ ನನ್ನ ಮಣಿಕಟ್ಟು ಹಿಡಿದವರು
ನಾಲ್ಕನೆಯದು ಬೀಳುವ ತನಕ ಬಿಡಲಿಲ್ಲ.
ಬಿತ್ತು,

ತಡವಾಗಿ.

"ಲಾರೆನ್ಸ್," ಅಂದರು, "ಅಡಿಕೋಲು ತಂದಿದ್ದೀಯಾ?"