ಗಸಗಸೆ ಉಂಟಾ?

ಬಂದರಿನಲ್ಲಿ ಒಣಮೆಣಸಿನ ಗೋದಾಮಿನ ಬಗಲಿಗೆ
ಎರಡು ಮಾರಿನ ನನ್ನ ಅಂಗಡಿ.
ರಟ್ಟಿನ ಪೆಟ್ಟಿಗೆ, ನೀಲಿ ಹಗ್ಗದ ಸುರುಳಿ,
ತೊಲೆಗೆ ನೇತುಹಾಕಿದ ಕೊಕ್ಕೆ ತಕ್ಕಡಿ.
ಮುಳ್ಳು ಮೂವತ್ತು ಕಿಲೋದ ಹತ್ತಿರ ಬಂದರೆ
ಜನ ಉಸಿರು ಹಿಡಿಯುತ್ತಾರೆ,
ಉಸಿರಿಗೂ ತೂಕ ಉಂಟೋ ಎಂಬಂತೆ.
ಪಾಸ್‌ಪೋರ್ಟ್ ಇಲ್ಲದ ಡೊಂಬಯ್ಯ ನಾನು.
ದಮ್ಮಾಮು, ಮಸ್ಕತ್ತು, ಕುವೈತು
ಎಲ್ಲ ಮಾರ್ಕರಿನಲ್ಲಿ ಬರೆದೇ ಬಲ್ಲೆ.

ಕೋರಿ ರೊಟ್ಟಿಯನ್ನು ನಿಲ್ಲಿಸಿ ಇಡಬೇಕು,
ಮಲಗಿಸಿದರೆ ಜುಬೈಲಿಗೆ ಮುಟ್ಟುವುದು ಹುಡಿ.
ಒಣ ಸಿಗಡಿಗೆ ಮೂರು ಪ್ಲಾಸ್ಟಿಕ್, ಮೇಲೊಂದು ಹಳೆ ಬನಿಯನ್;
ಆದರೂ ಅದು ಸುಮ್ಮನಿರುವುದಿಲ್ಲ,
ಪಕ್ಕದ ಪೆಟ್ಟಿಗೆಯ ಹೊಸ ಅಂಗಿಗೂ ಊರಿನ ವಾಸನೆ ಹೇಳಿಕೊಡುತ್ತದೆ.
ಬೆಂದೂರಿನ ಸೆವ್ರಿನ್ ಬಾಯಿ
ಮಗಳಿಗೆಂದು ಹುಡಿ ತಂದರೆ ನಾನೆನ್ನುತ್ತೇನೆ,
'ಬಫಾತ್ ಅಂತ ಬರೆಯುವಾ ಬಾಯಮ್ಮ,
ಯಾವುದರ ಬಫಾತ್ ಅಂತ ಬೇಡ.'
ಅವರು ಸೆರಗಿನೊಳಗೆ ನಗುತ್ತಾರೆ,
ತನಗೊಂದು ಶಿಲುಬೆ ಹಾಕಿಕೊಂಡು
ಪೆಟ್ಟಿಗೆಗೂ ಒಂದು.

ಕೊನೆಯ ಗಂಟು ಬಿಗಿಯುವ ಮೊದಲು
ಎಲ್ಲರಿಗೂ ಒಂದೇ ಪ್ರಶ್ನೆ:
ಗಸಗಸೆ ಉಂಟಾ?

ಇಲ್ಲಿ ಅದು ಪಾಯಸ, ಉಂಡವರಿಗೆ ಮಧ್ಯಾಹ್ನದ ನಿದ್ದೆ.
ಅಲ್ಲಿ ಅದು ಅಫೀಮಿನ ಸಂಬಂಧಿಕ, ಕೈಗೆ ಕೋಳ.
ಕಡಲಿನ ಯಾವ ತೆರೆಯ ಮೇಲೆ
ಅದರ ಕುಲ ಬದಲಾಗುತ್ತದೋ, ಬಂಗುಡೆಗೂ ಗೊತ್ತಿಲ್ಲ.
ಒಮ್ಮೆ ಕೇಳಲು ಮರೆತೆ.
ಕಾಟಿಪಳ್ಳದ ಹುಡುಗ, ಯಾರದೋ ಅಕ್ಕ ಕೊಟ್ಟ ಪೊಟ್ಟಣ.
ನಲವತ್ತೊಂದು ದಿನ.
ತಿರುಗಿ ಬಂದವನು ನನ್ನನ್ನು ಬೈಯಲಿಲ್ಲ.
ಬೈದಿದ್ದರೆ ಒಳ್ಳೆಯದಿತ್ತು.

ಹೋದ ವರ್ಷ ಕುದ್ರೋಳಿಯ ಮೈಮೂನಾ ಬಂದಳು.
ನೆರೆಮನೆಯ ಹುಡುಗ ರಾತ್ರಿಯ ವಿಮಾನಕ್ಕೆ ಹೊರಟಿದ್ದಾನೆ,
ಗಂಡ ಅಲ್ಲಿ ಕ್ರೇನಿನ ಮೇಲೆ.
ಕೇಳಿದೆ. ಇಲ್ಲ ಎಂದಳು.
ಹಗ್ಗ ಎರಡು ಸುತ್ತು ಬಂದ ಮೇಲೆ
ಹಾರ್ಲಿಕ್ಸ್ ಬಾಟ್ಲಿಯನ್ನು ಮುಟ್ಟಿ
'ಇದರೊಳಗೆ ಉಂಟು' ಎಂದಳು.
'ತೆಗೆಯಿರಿ.'
'ಹುರಿದು ಹುಡಿ ಮಾಡಿದ ಮೇಲೆ
ಯಾವುದನ್ನು ತೆಗೆಯುವುದು ಅಣ್ಣಾ?'

ಇಬ್ಬರೂ ತಕ್ಕಡಿಯ ಮುಳ್ಳನ್ನೇ ನೋಡುತ್ತ ನಿಂತೆವು.
ಮುಳ್ಳಿಗೆ ತೂಕ ಗೊತ್ತು, ಅಷ್ಟೇ.

'ತಿರುಗಿ ಕೊಂಡುಹೋದರೆ ಅತ್ತೆ ನಗುತ್ತಾರೆ.
ನೀವೇ ಇಟ್ಟುಕೊಳ್ಳಿ.'
ಬಾಟ್ಲಿ ಎದ್ದ ಜಾಗಕ್ಕೆ ಬಿಸ್ಕಿಟ್ ತುರುಕಿದೆ.

ಎಂಟು ದಿನ ಅದು ಹಗ್ಗದ ಸುರುಳಿಯ ಹಿಂದೆ ಕೂತಿತ್ತು.
ಒಂಬತ್ತನೆಯದು ಆದಿತ್ಯವಾರ, ಮನೆಯಲ್ಲಿ ಕೋಳಿ.
ಹೆಂಡತಿ ಮುಚ್ಚಳ ತಿರುಗಿಸಿದಳು.
ಕದ್ದದ್ದಲ್ಲ,
ಆದರೂ ಕಿಟಕಿ ಹಾಕು ಎಂದೆ.
ಮೂರು ಸಲ ಅನ್ನ ಹಾಕಿಸಿಕೊಂಡೆ,
ಬೇರೊಬ್ಬನ ಹಸಿವಿನಿಂದ ಉಂಡ ಹಾಗೆ.

ಮೊನ್ನೆ ಅಂಗಡಿಯ ಮೆಟ್ಟಿಲಲ್ಲಿ
ಬಿಸಿಲು ಕುಡಿದು ಕಪ್ಪಾದ ಒಬ್ಬ ಮನುಷ್ಯ.
ಕಟ್ಟಿಸಲು ಏನೂ ತಂದಿಲ್ಲ.
ಕಿಸೆಯಿಂದ ನಾಲ್ಕು ಖರ್ಜೂರ ತೆಗೆದು ಕೊಟ್ಟ,
ಬಜ್ಪೆಯಲ್ಲಿ ಯಾರೂ ಏನೂ ಕೇಳಲಿಲ್ಲವಂತೆ.
'ನಾನು ಇದಿನಬ್ಬ. ಆ ಹಾರ್ಲಿಕ್ಸ್ ಬಾಟ್ಲಿ...'

ನನ್ನ ಕೈಯ ಗಂಟು ಬಿಚ್ಚಿಕೊಂಡಿತು.
ಕೊಡುತ್ತೇನೆ ಎಂದೆ, ದುಡ್ಡು ಎಷ್ಟಾದರೂ.
ಅವನು ಕೈಯಾಡಿಸಿದ.
'ಹುಡಿ ಈಗಲೂ ಮಾಡಿದ್ದಾಳೆ. ಅದು ಈ ವರ್ಷದ್ದು.
ಆ ವರ್ಷದ್ದು ಹೇಗಿತ್ತು?'

ಇಷ್ಟು ಪೆಟ್ಟಿಗೆ ಕಟ್ಟಿದ್ದೇನೆ,
ಒಳಗಿನದ್ದರ ರುಚಿಯನ್ನು ನನ್ನಲ್ಲಿ ಕೇಳಿದವರಿಲ್ಲ.
ನಾಲಗೆಯನ್ನು ಒಂದು ವರ್ಷ ಹಿಂದಕ್ಕೆ ಕಳಿಸಿದೆ.
ತಡವಾಗಿ ಬಂತು.
'ಮೆಂತ್ಯೆ ಸ್ವಲ್ಪ ಮುಂದು' ಎಂದೆ.

ಅವನು ಮೆಟ್ಟಿಲಲ್ಲೇ ಕೂತ.
'ಕೋಪ ಬಂದರೆ ಅವಳದ್ದು ಹಾಗೆ' ಎಂದ.
ಮತ್ತೆ, ರಸ್ತೆಯ ಕಡೆ ನೋಡಿಕೊಂಡು,
'ಆ ತಿಂಗಳು ನಾನು ಫೋನು ಮಾಡಿರಲಿಲ್ಲ.'